ಇಂಗಾಲದ ಕಾಡಿಗೆ ಪಿಂಗಾಣಿಯ ನೆಲ

ಪೈರು ಸೊಂಪಾಗಿ ಬಂದರೆ ಎಲ್ಲರೂ ಬೀಜವನ್ನು ಹೊಗಳುತ್ತಾರೆ. ನೆಲದ ಮಾತು ಬರುವುದು ಬೆಳೆ ಕೈಕೊಟ್ಟಾಗ. ನಾನು ಹೇಳಹೊರಟಿರುವುದು ಅಂಥ ಒಂದು ನೆಲದ ವಿಷಯ. ಅದರ ದಪ್ಪ ಸುಮಾರು 10 ನ್ಯಾನೊಮೀಟರ್. ಎಂದರೆ ಮಿಲಿಮೀಟರಿನ ಲಕ್ಷದಲ್ಲೊಂದು ಪಾಲು.

ಗ್ರಾಫೈಟಿನ ಒಂದು ಪದರವನ್ನು ಚಾಪೆಯಂತೆ ಸುತ್ತಿ ಅಂಚುಗಳನ್ನು ಬೆಸೆದರೆ ಹೇಗಿರುತ್ತದೋ ಹಾಗಿರುವುದು ಇಂಗಾಲದ ನ್ಯಾನೊಕೊಳವೆ. 1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಅವರ ಪ್ರಬಂಧದಿಂದ ಇದು ಜಗತ್ತಿನ ಗಮನ ಸೆಳೆಯಿತು. ತೂಕಕ್ಕೆ ತೂಕ ಹೋಲಿಸಿದರೆ ಇದು ಉಕ್ಕಿಗಿಂತ ಬಹುಪಾಲು ಗಟ್ಟಿ.

ಇದನ್ನು ಬೆಳೆಸುವುದು ಹೇಗೆ? ಸಿಲಿಕಾನ್ ಬಿಲ್ಲೆಯ ಮೇಲೆ ಅಲ್ಯೂಮಿನಾ ಎಂಬ ಪಿಂಗಾಣಿ ಜಾತಿಯ ವಸ್ತುವಿನ ತೆಳುಪೊರೆ, ಅದರ ಮೇಲೆ ಸುಮಾರು 1 ನ್ಯಾನೊಮೀಟರ್ ಕಬ್ಬಿಣ. ಕುಲುಮೆಯಲ್ಲಿ 750 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕಾವಿಗೆ ಕಬ್ಬಿಣ ಕಣಕಣವಾಗಿ ಒಡೆಯುತ್ತದೆ. ಎಥಿಲೀನ್ ಅನಿಲ ಹಾಯಿಸಿದರೆ ಈ ಕಣಗಳು ಅದರಿಂದ ಇಂಗಾಲವನ್ನು ಬಿಡಿಸಿ, ಕೊಳವೆಯಾಗಿ ಮೇಲಕ್ಕೆ ನೂಕುತ್ತವೆ. ಕಬ್ಬಿಣ ಇಲ್ಲಿ ಕ್ರಿಯಾವರ್ಧಕ.

ಹಾಗಾದರೆ ಅಲ್ಯೂಮಿನಾ ಏಕೆ? ಬರಿಯ ಸಿಲಿಕಾನಿನ ಮೇಲಾದರೆ ಬಿಸಿಗೆ ಕಬ್ಬಿಣ ಅದರೊಳಕ್ಕೆ ಇಳಿದು ಬೆರೆತುಹೋಗುತ್ತದೆ. ಉಳಿದ ಕಣಗಳೂ ಸಾರಿನ ಮೇಲಿನ ಎಣ್ಣೆಹನಿಗಳಂತೆ ಕೂಡಿಕೊಂಡು ದಪ್ಪಗಾಗುತ್ತವೆ. ಕಣ ದಪ್ಪಗಾದರೆ ಸಣ್ಣ ಕೊಳವೆ ಹುಟ್ಟದು. ಅಲ್ಯೂಮಿನಾ ಕಣಗಳನ್ನು ಇದ್ದಲ್ಲೇ ಹಿಡಿದಿಡುತ್ತದೆ.

ಜಪಾನಿನ ತ್ಸುಕುಬಾದಲ್ಲಿ ಕೆಂಜಿ ಹಾಟಾ ಮತ್ತು ಸಂಗಡಿಗರು 2004ರಲ್ಲಿ ಅನಿಲದ ಜೊತೆಗೆ ಅತ್ಯಲ್ಪ ನೀರಾವಿ ಬೆರೆಸಿದರು. ಕಣಗಳಿಗೆ ಮೆತ್ತುವ ಮಸಿಯನ್ನು ಆ ಆವಿ ತೊಳೆಯಿತು. ಹತ್ತೇ ನಿಮಿಷದಲ್ಲಿ ಎರಡೂವರೆ ಮಿಲಿಮೀಟರ್ ಎತ್ತರದ ಕೊಳವೆಗಳ ಕಾಡು ಎದ್ದಿತು! ಕೊಳವೆಯ ದಪ್ಪಕ್ಕೆ ಹೋಲಿಸಿದರೆ ಈ ಎತ್ತರ ಸುಮಾರು ಹತ್ತು ಲಕ್ಷ ಪಟ್ಟು.

ಆದರೆ ಕಬ್ಬಿಣದಿಂದ ತೊಡಕೂ ಉಂಟು. ಕೊಳವೆಗಳಲ್ಲಿ ಲೋಹದ ಚೂರು ಉಳಿದರೆ ಸೂಕ್ಷ್ಮ ವಿದ್ಯುನ್ಮಾನ ಸಾಧನಗಳಿಗೆ ಅಡ್ಡಿ. ಆಮ್ಲದಲ್ಲಿ ತೊಳೆಯಹೋದರೆ ಕೊಳವೆಗೇ ಪೆಟ್ಟಾಗಬಹುದು. ಲೋಹವಿಲ್ಲದೆ ಬೆಳೆಸಲಾಗದೆ?

2009ರಲ್ಲಿ ಅಮೆರಿಕದ ಎಂಐಟಿಯ ಸಂಶೋಧಕರು ಜಿರ್ಕೋನಿಯಾ ಎಂಬ ಇನ್ನೊಂದು ಪಿಂಗಾಣಿ ವಸ್ತುವಿನ ನ್ಯಾನೊಕಣಗಳ ಮೇಲೆ ಕೊಳವೆ ಬೆಳೆಸಿ ತೋರಿಸಿದರು. ಜಿರ್ಕೋನಿಯಾ ಲೋಹವಾಗಿ ಮಾರ್ಪಡಲಿಲ್ಲ, ಆಕ್ಸೈಡಾಗಿಯೇ ಉಳಿಯಿತು. ಇಂಗಾಲವನ್ನು ಕರಗಿಸಿಕೊಳ್ಳುವ ಲೋಹ ಬೇಕೇಬೇಕು ಎಂಬ ನಂಬಿಕೆ ಇದರಿಂದ ಸಡಿಲವಾಯಿತು.

ಫಸಲಿನಲ್ಲಿ ಈಗಲೂ ಕಬ್ಬಿಣದ್ದೇ ಮೇಲುಗೈ. ಆದರೂ, ಸುಮ್ಮನೆ ಕೆಳಗಿದೆ ಎಂದುಕೊಂಡಿದ್ದ ಆಕ್ಸೈಡಿನ ಜಾತಿಯೇ ಬೀಜದ ಕೆಲಸವನ್ನೂ ಮಾಡಬಲ್ಲುದೆಂದು ತಿಳಿದಿದೆ. ಇನ್ನು ಅದರ ಇಳುವರಿ ಹೆಚ್ಚಿಸುವುದೇ ಮುಂದಿರುವ ಕೆಲಸ.