ಸಿಂಹಾಸನವೆಂಬ ಹೊಣೆ



ಹುಕ್ಕೇರಿ ಕಡೆಯಿಂದ ಹೆದ್ದಾರಿ ಹಿಡಿದು ಬೆಳಗಾವಿಗೆ ಹೊರಟರೆ ಕಾಕತಿ ಬರುತ್ತದೆ. ಕಿತ್ತೂರು ರಾಣಿ ಚೆನ್ನಮ್ಮನ ತವರೂರದು. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯವರಾದ ನಮಗೆ ಆಕೆ ನೆರೆಮನೆಯ ಮಗಳಿದ್ದಂತೆ.

1824ರಲ್ಲಿ ಕಿತ್ತೂರಿನ ದತ್ತುಪುತ್ರನನ್ನು ವಾರಸುದಾರನೆಂದು ಈಸ್ಟ್ ಇಂಡಿಯಾ ಕಂಪನಿ ಸರ್ಕಾರ ಒಪ್ಪಲಿಲ್ಲ. ರಾಣಿ ತಲೆಬಾಗಲಿಲ್ಲ. ಅಕ್ಟೋಬರ್ 23ರ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಮಡಿದ. ಸೆರೆಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳ ಜೀವವನ್ನು ಮಾತ್ರ ಆಕೆ ಕಾಪಾಡಿದಳು. ಮುಂದೆ ಅವರನ್ನು ಬಿಟ್ಟುಕೊಟ್ಟಳು. ಗೆದ್ದ ಗಳಿಗೆಯಲ್ಲೂ ಮನುಷ್ಯತ್ವ ಬಿಡದಿರುವುದೇ ದೊಡ್ಡತನ. ಆದರೆ ಡಿಸೆಂಬರಿನಲ್ಲಿ ಕಿತ್ತೂರು ಕೋಟೆ ಬಿತ್ತು, ರಾಣಿ ಸೆರೆಯಾದಳು. 1829ರಲ್ಲಿ ಬೈಲಹೊಂಗಲದ ಸೆರೆಯಲ್ಲೇ ಆಕೆ ಕೊನೆಯುಸಿರೆಳೆದಳು. ಕೋಟೆ ಹೋಯಿತು, ಹೆಸರು ಉಳಿಯಿತು.

ಇನ್ನೊಬ್ಬ ರಾಣಿಯನ್ನೂ ನೆನೆಯೋಣ: ದೂರದ ಬ್ರಿಟನ್ನಿನಲ್ಲಿ ಎರಡನೆಯ ಎಲಿಜಬೆತ್ 70 ವರ್ಷ ರಾಣಿಯಾಗಿದ್ದರು. ಆಳುವ ಅಧಿಕಾರ ಸಂಸತ್ತು ಮತ್ತು ಸರ್ಕಾರದ ಕೈಯಲ್ಲಿತ್ತು, ರಾಣಿಯ ಪಾಲಿಗೆ ಇದ್ದದ್ದು ಕರ್ತವ್ಯ. 96ರ ವಯಸ್ಸಿನಲ್ಲಿ, ಸಾವಿಗೆ ಎರಡೇ ದಿನ ಮೊದಲು, ಕೈಯಲ್ಲಿ ಊರುಗೋಲು ಹಿಡಿದು ಹೊಸ ಪ್ರಧಾನಿಯನ್ನು ನೇಮಿಸಿದರು.

ಒಬ್ಬಳು ಬ್ರಿಟಿಷ್ ಆಳ್ವಿಕೆಯನ್ನೇ ಎದುರಿಸಿದವಳು, ಇನ್ನೊಬ್ಬರು ಬ್ರಿಟನ್ನಿನ ಕಿರೀಟ ಹೊತ್ತವರು. ಇಬ್ಬರ ಬಾಳೂ ಹೇಳುವುದು ಒಂದೇ ಮಾತು: ಪಟ್ಟವೆಂದರೆ ಮೆರೆಯುವ ಆಸನವಲ್ಲ, ಹೊರುವ ಭಾರ. ಮನೆಯಿರಲಿ, ಶಾಲೆಯಿರಲಿ, ಪಂಚಾಯಿತಿಯಿರಲಿ, ನಮ್ಮ ಪಾಲಿನ ಭಾರವನ್ನು ಇಂದು ನಿಷ್ಠೆಯಿಂದ ಹೊರೋಣ.