ಅಂಜುಬುರುಕ ಅನ್ನುವ ಮುಂಚೆ

ಹೋಳಿ ಬಂತೆಂದರೆ ನವಲಗುಂದದ ರಾಮಲಿಂಗ ಕಾಮಣ್ಣನ ಮೂರ್ತಿಯ ಮುಂದೆ ಜನವೋ ಜನ. ಹಲಗಿ ಸಪ್ಪಳಕ್ಕೆ ಒಂದು ಮಗು ಕುಣಿಯುತ್ತದೆ. ಇನ್ನೊಂದು ಕಿವಿ ಮುಚ್ಚಿಕೊಂಡು ಅವ್ವನ ಸೆರಗು ಹಿಡಿಯುತ್ತದೆ. ‘ಅಂಜುಬುರುಕ’ ಎಂದು ನಾವು ನಕ್ಕುಬಿಡುತ್ತೇವೆ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲೇನ್ ಆರನ್ 2002ರಲ್ಲಿ ಇಂಥ ಮಕ್ಕಳ ಬಗ್ಗೆಯೇ ಪುಸ್ತಕ ಬರೆದರು. ಅವರ ಅಂದಾಜಿನಂತೆ ನೂರಕ್ಕೆ 15ರಿಂದ 20 ಮಕ್ಕಳು ಹೀಗಿರುತ್ತಾರೆ. ಇದು ರೋಗವಲ್ಲ, ಹುಟ್ಟುಗುಣ. ಸದ್ದು, ಬೆಳಕು, ಬಿರುಸು ಮಾತು ಇವರಿಗೆ ಹೆಚ್ಚು ತಾಗುತ್ತವೆ. ಮನೆಯವರ ನೋವೂ ಬೇಗ ತಿಳಿಯುತ್ತದೆ.

ಇಂಥ ಮಗುವನ್ನು ಎಳೆದು ಮುಂದೆ ನಿಲ್ಲಿಸಿದರೆ ಅಂಜಿಕೆ ಹೋಗುವುದಿಲ್ಲ, ನಂಬಿಕೆ ಹೋಗುತ್ತದೆ. ಹಾಗಂತ ಮನೆಯಲ್ಲೇ ಮುಚ್ಚಿಡುವುದೂ ಬೇಡ. ‘ಅಲ್ಲಿ ಭಾಳ ಸಪ್ಪಳ ಇರ್ತೈತಿ’ ಎಂದು ಮೊದಲೇ ಹೇಳಿ, ಗದ್ದಲ ಕಡಿಮೆಯಿರುವಾಗ ಕರೆದೊಯ್ಯಿರಿ. ‘ಸಾಕಬೇ’ ಎಂದರೆ ತಿರುಗಿ ಬನ್ನಿ. ಎರಿಹೊಲದ ಹದ ನೋಡಿಯೇ ಕೂರಿಗೆ ಹೂಡುವ ನಾವು, ಮಗುವಿನ ಹದಕ್ಕೂ ಅಷ್ಟೇ ತಾಳ್ಮೆಯಿಂದ ಕಾಯಬೇಕು.