ತಿಳಿದದ್ದು ಮತ್ತು ನಂಬಿದ್ದು
(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಪ್ರತಿ ವರ್ಷ ಈ ವೇದಿಕೆಯಲ್ಲಿ ನಾವು ಇಲ್ಮ್‌ನ ಮಹತ್ವದ ಬಗ್ಗೆ ಮಾತನಾಡುತ್ತೇವೆ. ಪ್ರವಾದಿಯವರಿಗೆ (ಸ) ಅವತೀರ್ಣವಾದ ಮೊದಲ ಮಾತೇ ‘ಓದು’ ಎಂಬುದಾಗಿತ್ತು ಎಂದು ಹೆಮ್ಮೆಯಿಂದ ಹೇಳುತ್ತೇವೆ. ಹೇಳಲೇಬೇಕಾದ ಮಾತು. ಆದರೆ ಇಂದು ನಾನು ನನ್ನದೇ ಒಂದು ತಪ್ಪಿನಿಂದ ಆರಂಭಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಟೀಚರ್, ವಿಜ್ಞಾನದ ಪಾಠದಲ್ಲಿ ಪ್ರಯೋಗ ಮಾಡಿ ತೋರಿಸ್ತಾರೆ. ಆಖಿರತ್ ಇದೆ ಅಂತ ನೀವು ಹೇಳಿದ್ರಲ್ಲ, ಅದು ನಿಮಗೆ ಗೊತ್ತಾ, ಇಲ್ಲಾ ನಂಬಿದ್ದೀರಾ?” ನನಗೆ ಉತ್ತರ ಹೊಳೆಯಲಿಲ್ಲ. ಉತ್ತರ ಹೊಳೆಯದಿದ್ದಾಗ ದೊಡ್ಡವರು ಮಾಡುವುದನ್ನೇ ನಾನೂ ಮಾಡಿದೆ. “ಇಂಥದ್ದೆಲ್ಲ ಕೇಳಬಾರದು, ತೌಬಾ ಮಾಡು” ಎಂದು ಗದರಿಸಿ ಕೂರಿಸಿದೆ. ಆ ವರ್ಷವಿಡೀ ಆ ಮಗು ನನ್ನ ತರಗತಿಯಲ್ಲಿ ಮತ್ತೊಂದು ಪ್ರಶ್ನೆ ಕೇಳಲಿಲ್ಲ. ಅಂದು ನಾನು ಅವಳ ಈಮಾನನ್ನು ಕಾಪಾಡಿದೆ ಎಂದುಕೊಂಡಿದ್ದೆ. ನಿಜದಲ್ಲಿ ಕಾಪಾಡಿಕೊಂಡದ್ದು ನನ್ನ ಮರ್ಯಾದೆಯನ್ನು ಮಾತ್ರ.

ಅವಳ ಪ್ರಶ್ನೆ ಹೊಸದೇನಲ್ಲ. ಸುಮಾರು ಒಂಬತ್ತು ಶತಮಾನಗಳ ಹಿಂದೆ ಇಮಾಮ್ ಗಝಾಲಿಯವರನ್ನೂ (ರ) ಇದೇ ಪ್ರಶ್ನೆ ಕಾಡಿತ್ತು. 1058ರಲ್ಲಿ ತೂಸ್‌ನಲ್ಲಿ ಜನಿಸಿದ ಅವರು, 1091ರಲ್ಲಿ ಬಗ್ದಾದಿನ ನಿಝಾಮಿಯಾ ಮದ್ರಸಾದ ಮುಖ್ಯ ಅಧ್ಯಾಪಕರಾದರು. ತಮ್ಮ ಆತ್ಮಕಥೆಯಂತಿರುವ ‘ಅಲ್ ಮುನ್ಕಿಝ್’ ಎಂಬ ಕೃತಿಯಲ್ಲಿ ಅವರು ಯಾವುದನ್ನೂ ಮುಚ್ಚಿಡದೆ ಬರೆದಿದ್ದಾರೆ. ಕ್ರೈಸ್ತರ ಮಕ್ಕಳು ಕ್ರೈಸ್ತರಾಗಿ, ಯಹೂದಿಯರ ಮಕ್ಕಳು ಯಹೂದಿಯರಾಗಿ, ಮುಸ್ಲಿಮರ ಮಕ್ಕಳು ಮುಸ್ಲಿಮರಾಗಿ ಬೆಳೆಯುವುದನ್ನು ಅವರು ಚಿಕ್ಕಂದಿನಲ್ಲೇ ಗಮನಿಸಿದ್ದರು. ಹಾಗಾದರೆ ತಂದೆತಾಯಿಯಿಂದ ಬಂದದ್ದೆಷ್ಟು, ತಾನು ಅರಿತದ್ದೆಷ್ಟು? ಈ ಹುಡುಕಾಟದಲ್ಲಿ ಅವರು ಸುಮಾರು ಎರಡು ತಿಂಗಳ ಕಾಲ ತೀವ್ರ ಸಂಶಯದಲ್ಲಿ ಬಳಲಿದರು.

ಖಚಿತ ಜ್ಞಾನ ಎಂದರೇನು ಎಂಬುದಕ್ಕೆ ಅವರು ಕೊಡುವ ಉದಾಹರಣೆ ಸೊಗಸಾಗಿದೆ. ಹತ್ತು ಮೂರಕ್ಕಿಂತ ದೊಡ್ಡದು ಎಂದು ನನಗೆ ತಿಳಿದಿದೆ. ಒಬ್ಬನು ಬಂದು, “ಇಲ್ಲ, ಮೂರೇ ದೊಡ್ಡದು, ನೋಡು” ಎಂದು ಕೋಲನ್ನು ಹಾವಾಗಿಸಿ ತೋರಿಸಿದರೆ, ಅವನ ಶಕ್ತಿಗೆ ಬೆರಗಾಗುತ್ತೇನೆಯೇ ಹೊರತು ನನ್ನ ತಿಳಿವಳಿಕೆ ಅಲುಗಾಡುವುದಿಲ್ಲ. ಇದು ಇಲ್ಮ್.

ಮುಂದೆ ಅದೇ ಕೃತಿಯಲ್ಲಿ ಅವರು ಮೂರು ಮೆಟ್ಟಿಲುಗಳನ್ನು ಬೇರ್ಪಡಿಸುತ್ತಾರೆ. ಪುರಾವೆಯಿಂದ ಖಚಿತಪಡಿಸಿಕೊಳ್ಳುವುದು ಇಲ್ಮ್. ಬಲ್ಲವರ ಮೇಲೆ ವಿಶ್ವಾಸವಿಟ್ಟು ಅವರ ಮಾತನ್ನು ಒಪ್ಪಿಕೊಳ್ಳುವುದು ಈಮಾನ್. ಸ್ವತಃ ಆ ಸ್ಥಿತಿಯಲ್ಲಿದ್ದು ಸವಿಯುವುದು ಝೌಕ್. ಆರೋಗ್ಯ ಎಂದರೇನು ಎಂದು ವೈದ್ಯನಿಗೆ ಚೆನ್ನಾಗಿ ಗೊತ್ತು. ಆದರೆ ಅವನೇ ಕಾಯಿಲೆ ಬಿದ್ದಿರುವಾಗ ಆ ತಿಳಿವಳಿಕೆ ಅವನನ್ನು ಆರೋಗ್ಯವಂತನನ್ನಾಗಿ ಮಾಡುವುದಿಲ್ಲ ಎನ್ನುತ್ತಾರೆ ಇಮಾಮರು. ಇದು ಬರೀ ಮಾತಾಗಿರಲಿಲ್ಲ. 1095ರಲ್ಲಿ, ಪಾಠ ಹೇಳಲು ನಿಂತರೆ ನಾಲಿಗೆಯೇ ಹೊರಳದಂತಾಯಿತು. ತಾವು ಕಲಿಸುತ್ತಿರುವುದು ಅಲ್ಲಾಹನಿಗಾಗಿಯೋ ಕೀರ್ತಿಗಾಗಿಯೋ ಎಂಬ ಪ್ರಶ್ನೆ ಅವರನ್ನು ತಿನ್ನುತ್ತಿತ್ತು. ಹುದ್ದೆ ಬಿಟ್ಟು ದಮಾಸ್ಕಸ್, ಜೆರುಸಲೇಮ್ ಕಡೆಗೆ ಹೊರಟುಹೋದರು. ಮತ್ತೆ ಅಧ್ಯಾಪನಕ್ಕೆ ಮರಳಿದ್ದು ಸುಮಾರು ಹತ್ತು ವರ್ಷಗಳ ನಂತರ.

ವಿದ್ಯಾರ್ಥಿ ಮಿತ್ರರೇ, ಉರ್ದುವಿನಲ್ಲಿ ‘ಜಾನ್‌ನಾ’ ಬೇರೆ, ‘ಮಾನ್‌ನಾ’ ಬೇರೆ. ಕನ್ನಡದಲ್ಲಿ ‘ತಿಳಿಯುವುದು’ ಬೇರೆ, ‘ನಂಬುವುದು’ ಬೇರೆ. ಈಮಾನ್ ಎಂಬ ಪದದ ಮೂಲ ಧಾತುವಿನಿಂದಲೇ ಅಮಾನತ್, ಅಮೀನ್ ಎಂಬ ಪದಗಳೂ ಬಂದಿವೆ. ಪ್ರವಾದಿತ್ವಕ್ಕೆ ಮೊದಲೇ ಮಕ್ಕಾದ ಜನ ಮುಹಮ್ಮದರನ್ನು (ಸ) ‘ಅಲ್ ಅಮೀನ್’ ಎಂದು ಕರೆಯುತ್ತಿದ್ದರು. ಅಂದರೆ ಈಮಾನ್ ಕಣ್ಣುಮುಚ್ಚಿ ಹೂಂಗುಟ್ಟುವುದಲ್ಲ. ವಿಶ್ವಾಸಾರ್ಹರೆಂದು ಕಂಡುಬಂದವರ ಮಾತಿನ ಮೇಲೆ ಬದುಕನ್ನೇ ಇಡುವುದು.

ಇನ್ನೊಂದು ಕಡೆ ಇಬ್ಲೀಸನನ್ನು ನೋಡಿ. ಅಲ್ಲಾಹನು ಇದ್ದಾನೆಂದು ಅವನಿಗೆ ತಿಳಿಯದೇ? ಅವನೊಡನೆ ಮಾತನಾಡಿದವನು ಅವನು! ತಿಳಿವಳಿಕೆಗೆ ಕೊರತೆಯಿರಲಿಲ್ಲ, ಬಾಗುವ ಮನಸ್ಸಿರಲಿಲ್ಲ. ಆದ್ದರಿಂದ ಇಲ್ಮ್ ಹೆಚ್ಚಾದ ಮಾತ್ರಕ್ಕೆ ಈಮಾನ್ ತಾನಾಗಿ ಬರುವುದಿಲ್ಲ. ದೀನಿಯಾತ್ ಪರೀಕ್ಷೆಯಲ್ಲಿ ನೂರಕ್ಕೆ ನೂರು ಅಂಕ ತೆಗೆದ ಹುಡುಗನೇ ಪಕ್ಕದವನ ಉತ್ತರ ನಕಲು ಮಾಡಿರಬಹುದು. ಅಂಕಪಟ್ಟಿ ಅವನ ನೆನಪನ್ನು ಅಳೆದೀತು, ಅಮಾನತನ್ನು ಅಳೆಯಲಾರದು.

ಹಾಗಾದರೆ ನಂಬಿದವನು ಪ್ರಶ್ನೆ ಕೇಳಬಾರದೇ? ಕುರ್‌ಆನಿನ ಎರಡನೇ ಸೂರಾದಲ್ಲಿ, 260ನೇ ಆಯತ್‌ನಲ್ಲಿ, ಹಝ್ರತ್ ಇಬ್ರಾಹೀಮರ (ಅ) ಪ್ರಸಂಗವಿದೆ. ಸತ್ತವರನ್ನು ಹೇಗೆ ಜೀವಂತಗೊಳಿಸುವೆ ಎಂದು ತೋರಿಸಲು ಅವರು ಅಲ್ಲಾಹನನ್ನು ಕೇಳಿಕೊಂಡರು. ನಿನಗೆ ನಂಬಿಕೆಯಿಲ್ಲವೇ ಎಂಬ ಪ್ರಶ್ನೆಗೆ, ನಂಬಿದ್ದೇನೆ, ಹೃದಯ ನೆಮ್ಮದಿಗೊಳ್ಳಲೆಂದು ಕೇಳುತ್ತಿದ್ದೇನೆ ಎಂಬರ್ಥದ ಉತ್ತರ ಕೊಟ್ಟರು. ಆಗ ಅವರನ್ನು ಗದರಿಸಲಾಯಿತೇ? ಇಲ್ಲ. ನಾಲ್ಕು ಹಕ್ಕಿಗಳನ್ನು ತೆಗೆದುಕೊಳ್ಳಲು ಹೇಳಿ ತೋರಿಸಿಕೊಡಲಾಯಿತು. ಆ ಹುಡುಗಿ ಕೇಳಿದ್ದೂ ಬಹುಮಟ್ಟಿಗೆ ಇದನ್ನೇ. ಅಲ್ಲಾಹನು ತನ್ನ ಆಪ್ತನಿಗೆ ಬೇಡವೆನ್ನದ ಪ್ರಶ್ನೆಯನ್ನು, ಬಿಎಡ್ ಮಾಡಿದ ನಾನು ಬೇಡವೆಂದೆ!

ಇಂದು ಅವಳು ನನ್ನ ಮುಂದೆ ನಿಂತರೆ ಹೀಗೆ ಹೇಳುತ್ತೇನೆ: “ಮಗಳೇ, ಆಖಿರತನ್ನು ನಾನು ನೋಡಿಲ್ಲ. ಹತ್ತು ಮೂರಕ್ಕಿಂತ ದೊಡ್ಡದೆಂದು ತಿಳಿದ ಹಾಗೆ ಅದನ್ನು ತಿಳಿದಿಲ್ಲ. ನಂಬಿದ್ದೇನೆ. ಯಾರನ್ನು ನಂಬಿದ್ದೇನೆ, ಏಕೆ ನಂಬಿದ್ದೇನೆ ಎಂಬುದನ್ನು ನಿನಗೆ ಹೇಳಬಲ್ಲೆ. ಕೂತು ಮಾತಾಡೋಣ.” ಹೀಗೆ ಹೇಳುವುದರಿಂದ ಈಮಾನ್ ಕುಂದುವುದಿಲ್ಲ. ನಂಬಿದ್ದನ್ನು ತಿಳಿದಿದ್ದೇನೆಂದು ಸೋಗು ಹಾಕಿದರೆ ಮಕ್ಕಳಿಗೆ ಅದು ಗೊತ್ತಾಗಿಬಿಡುತ್ತದೆ. ಆಗ ಅವರು ನಮ್ಮನ್ನೂ ನಂಬುವುದಿಲ್ಲ, ನಾವು ಹೇಳಿದ್ದನ್ನೂ ನಂಬುವುದಿಲ್ಲ.

ಹಿರಿಯರಲ್ಲಿ ನನ್ನ ವಿನಂತಿಯಿಷ್ಟೇ. ಮನೆಯಲ್ಲಿ, ಮದ್ರಸಾದಲ್ಲಿ, ಶಾಲೆಯಲ್ಲಿ ಮಗು ಪ್ರಶ್ನೆ ಕೇಳಿದರೆ ತೌಬಾ ಮಾಡಿಸುವ ಮೊದಲು ಒಂದು ಕ್ಷಣ ತಡೆಯಿರಿ. ವಿದ್ಯಾರ್ಥಿಗಳೇ, ನೀವೂ ಅದಬ್‌ನಿಂದ ಕೇಳಿ, ಉತ್ತರ ಸಿಗುವವರೆಗೆ ತಾಳ್ಮೆಯಿಂದಿರಿ. ಕುರ್‌ಆನಿನ 58ನೇ ಸೂರಾದ 11ನೇ ಆಯತ್‌ನಲ್ಲಿ ಈಮಾನ್ ಉಳ್ಳವರಿಗೂ ಇಲ್ಮ್ ನೀಡಲ್ಪಟ್ಟವರಿಗೂ ಉನ್ನತ ದರ್ಜೆಗಳ ಭರವಸೆಯಿದೆ. ಎರಡನ್ನೂ ಬೇರೆಬೇರೆಯಾಗಿ ಹೆಸರಿಸಿ ಒಂದೇ ಆಯತ್‌ನಲ್ಲಿ ಕೂರಿಸಲಾಗಿದೆ. ನಾವೂ ಅವನ್ನು ಒಂದೇ ಎದೆಯಲ್ಲಿ ಕೂರಿಸೋಣ.

ಅಲ್ಲಾಹನು ನಮ್ಮ ಇಲ್ಮ್ ಹೆಚ್ಚಿಸಲಿ, ನಮ್ಮ ಈಮಾನನ್ನು ಅಮಾನತಿನಂತೆ ಕಾಯುವ ಶಕ್ತಿ ಕೊಡಲಿ. ಆಮೀನ್.